ಹುಳುಮನೆಯಲ್ಲಿ ನಿದ್ದೆ ಹೋಗುವ ಕಂಪ್ಯೂಟರು

ಕೋಡಿಹಳ್ಳಿ
7 ಡಿಸೆಂಬರ್ 2024

ಮುದ್ದಿನ ಸೊಸೆ ಪ್ರತಿಮಾಳಿಗೆ ಅತ್ತೆ ಪುಟ್ಟಗೌರಮ್ಮನ ಆಶೀರ್ವಾದ. ಇಲ್ಲಿ ಜನ, ದನ, ಹುಳು ಎಲ್ಲ ಚೆನ್ನಾಗಿದ್ದೇವೆ. ನಿನ್ನ ಕಂಪ್ಯೂಟರು ಮಾತ್ರ ಚೆನ್ನಾಗಿಲ್ಲ.

ಬಾಣಂತಿ ಫೋನು ನೋಡಿದರೆ ಕಣ್ಣು ಮಂಜಾಗುತ್ತದೆ, ಕಿವಿಗಿಟ್ಟರೆ ಗಾಳಿ ಹೊಗುತ್ತದೆ ಎಂದು ನಿಮ್ಮಮ್ಮ ಮುನಿಯಮ್ಮ ನಿನ್ನ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದಾರಂತೆ. ಬೀಗಿತ್ತಿ ಹೇಳುವುದರಲ್ಲಿ ತಪ್ಪಿಲ್ಲ, ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ. ಆದರೆ ಈಗ ನನಗೆ ನಿನ್ನ ಹತ್ತಿರ ಕೇಳುವುದಿದೆ. ನಿನ್ನ ಗಂಡನ ಬಾಯಲ್ಲಿ ಹೇಳಿ ಕಳಿಸೋಣವೆಂದರೆ ಚಿಕ್ಕರಾಜುವಿಗೆ ಗಾಡಿ ಬಿಟ್ಟು ಬೇರೆ ಯಾವ ಯಂತ್ರ ಕೆಟ್ಟರೂ ಅದು 'ಆಫ್ ಆಯ್ತು' ಅಷ್ಟೆ. ಹಾಗಾಗಿ ಏಳನೇ ಕ್ಲಾಸಿನ ನಂತರ ಮೊದಲ ಸಲ ಪೆನ್ನು ಹಿಡಿದು ಕೂತಿದ್ದೇನೆ. ತಪ್ಪಿದ್ದರೆ ನಗಬೇಡ.

ವಿಷಯ ಇದು. ಬುಧವಾರ ಬೆಳಗ್ಗೆ ರೇಷ್ಮೆಮರಿಗಳಿಗೆ ಸೊಪ್ಪು ಹಾಕಲು ಹುಳುಮನೆಗೆ ಹೋದರೆ ಒಳಗೆ ಚಳಿ. ಹೀಟರು ತಣ್ಣಗಿದೆ, ನೀರಿನ ಹಬೆ ಬಿಡುವ ಮೆಷಿನ್ನೂ ನಿಂತಿದೆ. ಅವೆರಡನ್ನೂ ನಡೆಸುವ ನಿನ್ನ ಮಡಚುವ ಕಂಪ್ಯೂಟರಿನ ಪರದೆ ಕಪ್ಪು. ಪಕ್ಕದಲ್ಲಿ ಒಂದು ಸಣ್ಣ ದೀಪ ಮಾತ್ರ ನಿಧಾನವಾಗಿ ಹತ್ತಿ ಆರಿ ಮಾಡುತ್ತಿತ್ತು. ಬಟನ್ ಒತ್ತಿದೆ, ಎದ್ದಿತು, ಹೀಟರೂ ಹತ್ತಿಕೊಂಡಿತು. ಗುರುವಾರ ಮತ್ತೆ ಅದೇ ಕತೆ. ಮೊಟ್ಟೆಯೊಡೆದು ಎರಡು ದಿನವಾದ ಮರಿಗಳು ಪುಣ್ಯಕ್ಕೆ ಸೊಪ್ಪಿನ ಅಡಿ ಮುದುರಿಕೊಂಡು ಬದುಕಿಕೊಂಡಿವೆ.

ನಿಮ್ಮ ಮಾವನಿಗೆ ಮೊದಲೇ ಅದರ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. ಇದ್ದಿಲ ಒಲೆ ಇಟ್ಟು ಹುಳು ಸಾಕಿದ ಕೈ ಅವರದು. ಇಷ್ಟು ಮನೆಯವರು ನಮ್ಮ ಹತ್ತಿರದಿಂದ ಮರಿ ಒಯ್ದು ಸಾಕುತ್ತಾರೆ, ಅವರ ಮನೆಯಲ್ಲಿ ಗೂಡು ಕಟ್ಟದೆ ಹೋದರೆ ಬಯ್ಯಿಸಿಕೊಳ್ಳುವವನು ಯಾರು ಎಂದು ಕೇಳಿದರು. ಪಕ್ಕದೂರಿನ ನರಸಯ್ಯ ಹುಳುಮನೆಯನ್ನು ಗುತ್ತಿಗೆಗೆ ಕೇಳುತ್ತಲೇ ಇದ್ದಾನಲ್ಲ, ಅವನ ಹೆಸರೂ ಬಂತು.

"ಸಂಕ್ರಾಂತಿ ಗಂಟ ನೋಡ್ತೀನಿ ಕಣಮ್ಮಿ. ಆಮೇಕೂ ಹಿಂಗೇ ಮನಿಕ್ಕಂಡ್ರೆ ಹುಳುಮನೆ ನರಸಯ್ಯಂಗೆ ಕೊಟ್ಬುಡ್ತೀನಿ" ಅಂದರು.

ನೀನು ಕೂಸನ್ನು ಎತ್ತಿಕೊಂಡು ಬರುವ ಹೊತ್ತಿಗೆ ಹುಳುಮನೆ ಬೇರೆಯವರದಾಗಿರುವುದು ನನಗೆ ಇಷ್ಟವಿಲ್ಲ. ನಾಳೆ ಚಿಕ್ಕರಾಜು ನಿಮ್ಮೂರಿಗೆ ಬರುತ್ತಾನೆ. ಏನು ಮಾಡಬೇಕೋ ಬರೆದು ಅವನ ಜೇಬಿಗೆ ಹಾಕು. ಮೆಣಸಿನ ಸಾರು ಬೇಡ ಅನ್ನಬೇಡ, ಕುಡಿ.

ಇಂತಿ ನಿನ್ನ ಅತ್ತೆ
ಪುಟ್ಟಗೌರಮ್ಮ

---

ತಿಪ್ಪಸಂದ್ರ
8 ಡಿಸೆಂಬರ್ 2024

ಅತ್ತೆಯವರಿಗೆ ಪ್ರತಿಮಾಳ ನಮಸ್ಕಾರ.

ನಿಮ್ಮ ಮಗ ಊಟ ಮಾಡಿ ಮಲಗಿದ್ದಾರೆ. ಅವರು ಏಳುವುದರೊಳಗೆ ಬರೆದು ಮುಗಿಸಬೇಕು. ಅಮ್ಮ ಓದಬೇಡ ಎಂದಿದ್ದಾಳೆ, ಟಿವಿ ಬೇಡ ಎಂದಿದ್ದಾಳೆ, ಬರೆಯಬೇಡ ಅನ್ನುವುದನ್ನು ಮರೆತಿದ್ದಾಳೆ. ನಿಮ್ಮ ಕಾಗದವನ್ನು ಓದಲಿಲ್ಲ, ಇವರ ಕೈಲಿ ಓದಿಸಿದೆ ಅಂತ ಹೇಳಿಕೊಂಡಿದ್ದೇನೆ. ನಾನೂ ನಿಮ್ಮ ಮೊಮ್ಮಗಳೂ ಈಗ ಮರಿಹುಳುಗಳೇ. ಕಿಟಕಿ ಮುಚ್ಚಿ, ಸಾಂಬ್ರಾಣಿ ಹಾಕಿ, ಹೊತ್ತು ಹೊತ್ತಿಗೆ ತಿನ್ನಿಸಿ ಬೆಚ್ಚಗಿಟ್ಟಿದ್ದಾರೆ. ಇಲ್ಲಿ ಯಾವ ಕಂಪ್ಯೂಟರೂ ಬೇಕಿಲ್ಲ, ಅಮ್ಮ ಒಬ್ಬಳೇ ಸಾಕು.

ಕಂಪ್ಯೂಟರು ಕೆಟ್ಟಿಲ್ಲ ಅತ್ತೆ, ನಿದ್ದೆ ಹೋಗುತ್ತಿದೆ. ಕರೆಂಟು ಉಳಿಸಲು ಅದಕ್ಕೆ ಆ ಅಭ್ಯಾಸ ಇರುತ್ತದೆ. ಯಾರೂ ಕೀಲಿ ಮುಟ್ಟದಿದ್ದರೆ ಸ್ವಲ್ಪ ಹೊತ್ತು ನೋಡಿ, ತನಗೇನೂ ಕೆಲಸವಿಲ್ಲ ಎಂದುಕೊಂಡು ಮಲಗಿಬಿಡುತ್ತದೆ. ಹೀಟರು ನೋಡಿಕೊಳ್ಳುವುದನ್ನು ಅದು ಕೆಲಸ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಮಲಗಿದರೆ ಬೆಂಕಿ ಅನಾಹುತ ಆಗಬಾರದೆಂದು ಸ್ವಿಚ್ ಪೆಟ್ಟಿಗೆ ಹೀಟರನ್ನು ನಿಲ್ಲಿಸುವಂತೆ ನಾನೇ ಮಾಡಿಟ್ಟಿದ್ದೆ. ಹೊರಡುವ ಮುಂಚೆ ಹೊಸ ಲಿನಕ್ಸ್ ಹಾಕಿದೆನಲ್ಲ, ಈ ನಿದ್ದೆಯ ನಿಯಮ ಅದರ ಜೊತೆ ಬಂದಿರಬೇಕು. ಹಳೆಯದರಲ್ಲಿ ತೆಗೆದುಹಾಕಿದ್ದೆ.

ನೀವೇ ಸರಿಮಾಡಬಹುದು. ಪರದೆಯ ಮೇಲೆ ಬಲಮೂಲೆಯಲ್ಲಿ ಒತ್ತಿ. ಚಕ್ರದಂಥ ಗುರುತು ಬರುತ್ತದೆ, ಅದು ಸೆಟ್ಟಿಂಗ್ಸ್. ಒಳಗೆ 'ಪವರ್' ಅಂತಿದೆ. ಅಲ್ಲಿ 'ಆಟೋಮ್ಯಾಟಿಕ್ ಸಸ್ಪೆಂಡ್' ಅನ್ನುವ ಸಾಲಿನ ಮುಂದಿನ ಗುಂಡಿಯನ್ನು ಎಡಕ್ಕೆ ತಳ್ಳಿ. ಬಣ್ಣ ಹೋಗಿ ಬೂದಿಯಾದರೆ ಆಯಿತು. ಇವರನ್ನು ಹತ್ತಿರ ಬಿಟ್ಟುಕೊಳ್ಳಬೇಡಿ, ಸ್ಪ್ಯಾನರ್ ತಂದುಬಿಡುತ್ತಾರೆ.

ಹುಳುಮನೆ ನರಸಯ್ಯನಿಗೆ ಮಾತ್ರ ಹೋಗಬಾರದು. ಆ ಮನೆಯಲ್ಲಿ ನಾನು ಸೊಸೆ ಮಾತ್ರ ಆಗಿರಲಿಲ್ಲ. ಹೇಗಾದರೂ ಸಂಕ್ರಾಂತಿ ದಾಟಿಸಿ.

ನಿಮ್ಮ ಸೊಸೆ
ಪ್ರತಿಮಾ

---

ಕೋಡಿಹಳ್ಳಿ
21 ಡಿಸೆಂಬರ್ 2024

ಪ್ರತಿಮಾ,

ಕಳೆದ ವಾರ ಬರೆಯಲಿಲ್ಲ, ಬರೆಯಲು ಏನೂ ಇರಲಿಲ್ಲ. ನೀನು ಹೇಳಿದ ಹಾಗೆ ಚಕ್ರ ಒತ್ತಿ, ಗುಂಡಿ ತಳ್ಳಿ, ಬೂದಿ ಮಾಡಿದೆ. ಅದು ಸತತವಾಗಿ ಎಚ್ಚರವಾಗಿತ್ತು. ಹಿಂದಿನ ಬ್ಯಾಚಿನ ಮರಿಗಳು ಪೊರೆ ಬಿಡುವಾಗ ಬರುವ ಎರಡನೇ ಜ್ವರವನ್ನೂ ಕಳೆದು ಲಕ್ಷಣವಾಗಿ ಎದ್ದವು. ಚಿಕ್ಕರಾಜು ಮನೆಮನೆಗೆ ಹಂಚಿ ಬಂದ. ಯಾರೂ ದೂರು ಹೇಳಿಲ್ಲ. ನಾನು ಎರಡು ದಿನ ಸ್ವಲ್ಪ ಜಂಬದಲ್ಲೇ ಓಡಾಡಿದೆ, ನಿಜ ಹೇಳುತ್ತೇನೆ.

ನಿನ್ನೆ ಮತ್ತೆ ಮಲಗಿತು. ಮಧ್ಯಾಹ್ನ ಕರೆಂಟು ಹೋಗಿತ್ತು. ಅದರ ಬ್ಯಾಟರಿ ಸತ್ತಿದೆಯಲ್ಲ, ಕರೆಂಟಿನ ಜೊತೆಗೇ ಅದೂ ಹೋಯಿತು. ಕರೆಂಟು ಬಂದ ಮೇಲೆ ನಾನೇ ಬಟನ್ ಒತ್ತಿದೆ, ನಿನ್ನ ಹೆಸರು ಬಂತು, ಹೀಟರೂ ಶುರುವಾಯಿತು. ಸರಿ ಎಂದು ಹಸುವಿಗೆ ನೀರು ಕುಡಿಸಿ ಬರುವಷ್ಟರಲ್ಲಿ ಮತ್ತೆ ಕಪ್ಪು. ಗುಂಡಿ ಬೂದಿಯಾಗಿಯೇ ಇದ್ದರೂ ಯಾಕೆ ಮಲಗಿತು?

ಸೊಪ್ಪು ಕತ್ತರಿಸಲು ಬರುವ ಯಲ್ಲಮ್ಮ ಇದು ದೃಷ್ಟಿ ಎಂದಳು. ನಾನು ಕೇಳದೆಯೇ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಅದರ ಕುತ್ತಿಗೆಗೆ ಕಟ್ಟಿದ್ದಾಳೆ. ಬಿಚ್ಚಿದರೆ ಅವಳು ಬೇಜಾರು ಮಾಡಿಕೊಳ್ಳುತ್ತಾಳೆ, ಇರಲಿ ಬಿಡು.

ಸಂಕ್ರಾಂತಿ ಬ್ಯಾಚಿನ ಮೊಟ್ಟೆಗೆ ಹೇಳಿಯಾಗಿದೆ. ನಿಮ್ಮ ಮಾವ ದಿನ ಎಣಿಸುತ್ತಿದ್ದಾರೆ. ಕೂಸು ಯಾರ ಹಾಗಿದೆ ಅಂತ ಚಿಕ್ಕರಾಜುವನ್ನು ಕೇಳಿದರೆ ಕೂಸಿನ ಹಾಗಿದೆ ಅನ್ನುತ್ತಾನೆ. ನೀನು ಬರೆ.

ಅತ್ತೆ

---

ತಿಪ್ಪಸಂದ್ರ
22 ಡಿಸೆಂಬರ್ 2024

ಅತ್ತೆಯವರಿಗೆ ನಮಸ್ಕಾರ.

ಮೂಗು ನಿಮ್ಮದು, ಹಟ ಮಾವನದು.

ಕಾರಣ ಗೊತ್ತಾಯಿತು. ನೀವು ಬೂದಿ ಮಾಡಿದ ಗುಂಡಿ ನಾನು ಒಳಗೆ ಹೋದ ಮೇಲಿನ ನಿಯಮ. ಹೆಸರು ತೋರಿಸಿ ಪಾಸ್‌ವರ್ಡಿಗೆ ಕಾಯುವ ಪರದೆ ಇದೆಯಲ್ಲ, ಅದು ಬೇರೆಯೇ ಮನೆ, ಅದಕ್ಕೆ ಅದರದೇ ನಿಯಮ. ಬಾಗಿಲಲ್ಲಿ ಸ್ವಲ್ಪ ಹೊತ್ತು ಕಾದು, ಯಾರೂ ಒಳಗೆ ಬರಲಿಲ್ಲವೆಂದು ಅದು ಮಲಗುತ್ತದೆ. ಆದ್ದರಿಂದ ಕರೆಂಟು ಬಂದಾಗಲೆಲ್ಲ ಹೆಸರಿನ ಮೇಲೆ ಒತ್ತಿ ಪಾಸ್‌ವರ್ಡ್ ಹಾಕಿ ಒಳಗೆ ಹೋಗಬೇಕು, ಅಷ್ಟೆ.

ಪಾಸ್‌ವರ್ಡ್ ಹೇಳಲು ನಾಚಿಕೆಯಾಗುತ್ತಿದೆ. ಮದುವೆಯಾದ ಹೊಸದರಲ್ಲಿ ಇಟ್ಟದ್ದು, ಆಮೇಲೆ ಬದಲಿಸಲು ಸೋಮಾರಿತನ. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ, 'ಅತ್ತೆಬೈತಾರೆ'. ಅಕ್ಷರಗಳನ್ನು ಈ ಕಾಗದದ ಹಿಂಬದಿಯಲ್ಲಿ ಒಂದೊಂದಾಗಿ ಬಿಡಿಸಿ ಬರೆದಿದ್ದೇನೆ. ದಯವಿಟ್ಟು ಸಿಟ್ಟು ಮಾಡಿಕೊಳ್ಳಬೇಡಿ. ಇವರು ಓದಬಾರದೆಂದು ಕಾಗದವನ್ನು ಅಂಟಿಸಿದ್ದೇನೆ.

ಪ್ರತಿಮಾ

---

ಕೋಡಿಹಳ್ಳಿ
4 ಜನವರಿ 2025

ಬೈಯುವ ಅತ್ತೆಯ ಆಶೀರ್ವಾದಗಳು.

ಒಂದೊಂದು ಅಕ್ಷರ ಹುಡುಕಿ ಒತ್ತುವಾಗ ಒಬ್ಬಳೇ ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು. ಯಲ್ಲಮ್ಮ ಗಾಬರಿಯಾಗಿ ಒಳಗೆ ಬಂದಳು. ಪಾಸ್‌ವರ್ಡ್ ಬದಲಿಸಬೇಡ, ನನಗೀಗ ಬಾಯಿಪಾಠವಾಗಿದೆ. ಇರುವುದನ್ನೇ ಬರೆದಿದ್ದೀಯ ಬಿಡು.

ಆದರೂ ಮಲಗುವುದು ನಿಂತಿಲ್ಲ. ಈಗ ಬೇರೆ ಥರ. ಕರೆಂಟು ಇದೆ, ನಾನು ಒಳಗೆ ಹೋಗಿದ್ದೇನೆ, ಗುಂಡಿ ಬೂದಿಯಾಗಿದೆ. ದಿನವೆಲ್ಲ ಎಚ್ಚರವಾಗಿರುತ್ತದೆ, ನಿಮ್ಮ ಮಾವ ಹುಳುಮನೆಗೆ ಹೋಗಿ ಬಂದರೆ ಸಾಕು, ಮಲಗಿಬಿಟ್ಟಿರುತ್ತದೆ. ನಾನು ಹೋದರೆ ಇಲ್ಲ, ಯಲ್ಲಮ್ಮ ಹೋದರೆ ಇಲ್ಲ, ಚಿಕ್ಕರಾಜು ಹೋದರೂ ಇಲ್ಲ. ಸಂತೆಯಲ್ಲೂ ಇದೇ ಮಾತಾಗಿದೆಯಂತೆ, ಬೋರಲಿಂಗಯ್ಯನನ್ನು ಕಂಡರೆ ಸೊಸೆಯ ಕಂಪ್ಯೂಟರು ಕಣ್ಣು ಮುಚ್ಚಿಕೊಳ್ಳುತ್ತದಂತೆ ಎಂದು. ನಿಮ್ಮ ಮಾವನಿಗೆ ಇದು ಬಹಳ ಅವಮಾನವಾಗಿದೆ.

ನನಗೆ ಒಂದು ಕೆಟ್ಟ ಯೋಚನೆ ಬಂತು, ಬರೆಯಲೋ ಬೇಡವೋ ಎಂದುಕೊಂಡು ಬರೆಯುತ್ತಿದ್ದೇನೆ. ನರಸಯ್ಯನಿಗೆ ಕೊಡುವ ಮನಸ್ಸಿದ್ದು ಅವರೇ ಆರಿಸಿ ಬರುತ್ತಿದ್ದಾರೋ ಏನೋ. ಇಷ್ಟು ವರ್ಷ ಜೊತೆಗಿದ್ದವಳು ಹಾಗೆ ಯೋಚಿಸಬಾರದು. ಆದರೂ ಯೋಚಿಸಿದೆ.

ಮೊಟ್ಟೆ ಬುಧವಾರ ಬರುತ್ತದೆ. ಇದೇ ಸಂಕ್ರಾಂತಿ ಬ್ಯಾಚು. ಬೇಗ ದಾರಿ ಹೇಳು.

ಪುಟ್ಟಗೌರಮ್ಮ

---

ತಿಪ್ಪಸಂದ್ರ
5 ಜನವರಿ 2025

ಅತ್ತೆಯವರಿಗೆ,

ಮಾವ ಹಾಗೆ ಮಾಡುವವರಲ್ಲ. ಕೈಯಾರೆ ಹುಳುವಿಗೆ ಚಳಿ ಹಿಡಿಸುವುದು ಅವರಿಂದ ಆಗುವ ಕೆಲಸವೇ ಅಲ್ಲ. ಆರಿಸಿದ್ದರೆ ದೀಪ ಹತ್ತಿ ಆರಿ ಮಾಡುವುದಿಲ್ಲ, ಪೂರ್ತಿ ಆರಿರುತ್ತದೆ. ನೀವು ನೋಡಿದ್ದೇನು?

ಯಾರು ಮಲಗಿಸಿದರು ಅಂತ ಕಂಪ್ಯೂಟರನ್ನೇ ಕೇಳೋಣ. ಅದು ತನಗೆ ಆದದ್ದನ್ನೆಲ್ಲ ಗಂಟೆ ಗಳಿಗೆ ಸಮೇತ ಬರೆದಿಟ್ಟುಕೊಳ್ಳುತ್ತದೆ. ಕಪ್ಪು ಕಿಟಕಿಯಂಥ ಗುರುತಿನ ಮೇಲೆ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ಅದರಲ್ಲಿ ಹಿಂಬದಿಯಲ್ಲಿ ಬರೆದಿರುವ 'ಜರ್ನಲ್‌ಸಿಟಿಎಲ್' ಸಾಲನ್ನು ಹಾಗೆಯೇ ಒತ್ತಿ, ಎಂಟರ್ ಕೊಡಿ. ಇರುವೆ ಸಾಲಿನ ಹಾಗೆ ಅಕ್ಷರಗಳು ಓಡುತ್ತವೆ, ಹೆದರಬೇಡಿ. 'ಸಸ್ಪೆಂಡ್' ಅನ್ನುವ ಮಾತು ಎಲ್ಲಿದೆ ಹುಡುಕಿ, ಅದರ ಮೇಲಿನ ಸಾಲನ್ನು ನೋಡಿದ ಹಾಗೇ ಬರೆದು ಕಳಿಸಿ.

ಇನ್ನೊಂದು ಕೆಲಸ. ಮಾವ ಒಳಗೆ ಏನು ಮಾಡುತ್ತಾರೆಂದು ಮರೆಯಲ್ಲಿ ನಿಂತು ಒಮ್ಮೆ ನೋಡಿ. ಬೈಯಬೇಡಿ, ನೋಡಿ ಮಾತ್ರ.

ಪ್ರತಿಮಾ

---

ಕೋಡಿಹಳ್ಳಿ
11 ಜನವರಿ 2025

ಪ್ರತಿಮಾ,

ಮರಿಗಳು ಶುಕ್ರವಾರ ಹೊರಬಂದವು, ಕರ್ರಗೆ ಎಳ್ಳು ಚೆಲ್ಲಿದ ಹಾಗೆ. ಒಳ್ಳೆಯ ಮೊಟ್ಟೆ.

ನೀನು ಕೇಳಿದ ಸಾಲು ಸಿಕ್ಕಿತು. ಪ್ರತಿ ಸಲವೂ ಸಸ್ಪೆಂಡಿನ ಮೇಲೆ ಅದೇ ಇದೆ, 'ಲಿಡ್ ಕ್ಲೋಸ್ಡ್'. ಮುಚ್ಚಳ ಮುಚ್ಚಿತು ಅಂತಲ್ಲವೇ? ಯಾರೂ ಮುಚ್ಚಿಲ್ಲ ಕಣವ್ವ. ನಿಂಬೆಹಣ್ಣು ಕಟ್ಟಿರುವುದರಿಂದ ಮುಚ್ಚಲು ಆಗುವುದೂ ಇಲ್ಲ.

ಇವತ್ತು ಬೆಳಗ್ಗೆ ತಟ್ಟೆಗಳ ಹಿಂದೆ ನಿಂತು ನೋಡಿದೆ. ನಿಮ್ಮ ಮಾವ ಚಪ್ಪಲಿ ಬಿಟ್ಟು, ಸುಣ್ಣದ ಪುಡಿ ತುಳಿದು ಒಳಗೆ ಬಂದರು. ಅವರು ಹುಳುಮನೆಯ ಕಾವನ್ನು ಥರ್ಮಾಮೀಟರಿನಲ್ಲಿ ನೋಡಿದವರೇ ಅಲ್ಲ, ನಿನಗೆ ಗೊತ್ತು. ಮಗುವಿಗೆ ಜ್ವರ ನೋಡುವ ಹಾಗೆ ಅಂಗೈ ಇಟ್ಟು ನೋಡುವುದು. ಒಂದೊಂದು ತಟ್ಟೆಯ ಅಂಚಿಗೂ ಕೈಯಿಟ್ಟರು. ಆಮೇಲೆ ಕಂಪ್ಯೂಟರಿನ ಮುಂದೆ ಬಂದು, ಕೀಲಿಗಳ ಪಕ್ಕದ ಬರಿ ಜಾಗದಲ್ಲಿ ಅದೇ ರೀತಿ ಎಡಗೈ ಇಟ್ಟು ನಿಂತರು. ಕಡಗ ಟಕ್ಕೆಂದಿತು. ಪರದೆ ಕಪ್ಪಾಯಿತು. ಮುಖ ಸಪ್ಪಗೆ ಮಾಡಿಕೊಂಡು ತಿರುಗಿದರು, ನಾನು ಎದುರಿಗೆ ಬಂದೆ.

ಏನು ಮಾಡುತ್ತಿದ್ದೀರಿ ಎಂದೆ.

"ಬಿಸಿ ಐತಾ ಅಂತ ನೋಡ್ತೀನಿ, ಇನ್ನೇನು. ಅವ್ಳು ಬರೋಗಂಟ ಕೆಡ್ಬಾರ್ದು ಅಂತ ದಿನಾ ಬಂದು ನೋಡ್ತೀನಿ. ನನ್ ಕಂಡ್ರೆ ಮನಿಕ್ಕತ್ತದೆ" ಅಂದರು.

ಪ್ರತಿಮಾ, ನನಗೆ ಅಳು ಬಂತು. ಕಳೆದ ವಾರ ಬರೆದದ್ದನ್ನು ಹರಿದು ಒಲೆಗೆ ಹಾಕು. ಗುತ್ತಿಗೆಯ ಮಾತು ಎತ್ತಿದ್ದೂ ಹೆದರಿಕೆಗೇ. ಹುಳು ಹೋದರೆ ಊರಿನವರ ಮುಂದೆ ಸೊಸೆಯ ಹೆಸರು ಕೆಡುತ್ತದೆ, ಅದಕ್ಕಿಂತ ಕೊಟ್ಟುಬಿಡುವುದು ಮೇಲು ಎನ್ನುವುದು ಅವರ ಲೆಕ್ಕ. ಆದರೆ ನರಸಯ್ಯನಿಗೆ ಆಗಲೇ ಸುದ್ದಿ ಮುಟ್ಟಿದೆ, ಹಬ್ಬ ಕಳೆದು ಬರುತ್ತೇನೆಂದು ಹೇಳಿ ಕಳಿಸಿದ್ದಾನೆ.

ಮುಚ್ಚದ ಮುಚ್ಚಳ ಮುಚ್ಚಿತು ಅಂತ ಕಂಪ್ಯೂಟರು ಯಾಕೆ ಸುಳ್ಳು ಹೇಳುತ್ತದೆ? ನನಗೆ ತಲೆ ಓಡುತ್ತಿಲ್ಲ.

ಅತ್ತೆ

---

ತಿಪ್ಪಸಂದ್ರ
12 ಜನವರಿ 2025

ಅತ್ತೆ, ಕಡಗ ಅಂದಿರಲ್ಲ, ಯಾವ ಕಡಗ? ನಾನು ಹೊರಟಾಗ ಮಾವನ ಕೈಯಲ್ಲಿ ಒಂದು ದಾರವೂ ಇರಲಿಲ್ಲ. ಇವರನ್ನು ಎಬ್ಬಿಸಿ ಕೇಳಿದೆ. ಕೀಲುನೋವಿಗೆಂದು ಎರಡು ವಾರದ ಹಿಂದೆ ಕನಕಪುರದ ಬಸ್ಸಿನಲ್ಲಿ ಮಾರುವವನ ಹತ್ತಿರ ತೆಗೆದುಕೊಂಡದ್ದಂತೆ, ನಿಮ್ಮ ಸೆರಗಿನ ಪಿನ್ನು ಕಳೆದರೆ ಅದಕ್ಕೇ ಅಂಟಿಕೊಂಡಿರುತ್ತದಂತೆ. ಹಾಗಾದರೆ ಅದು ಅಯಸ್ಕಾಂತ.

ಕಂಪ್ಯೂಟರು ಸುಳ್ಳು ಹೇಳಿಲ್ಲ. ಅದರ ಮುಚ್ಚಳದಲ್ಲಿ ಒಂದು ಪುಟ್ಟ ಅಯಸ್ಕಾಂತ ಇರುತ್ತದೆ. ಮುಚ್ಚಿದಾಗ ಅದು ಕೀಲಿಗಳ ಪಕ್ಕಕ್ಕೆ ಬಂದು ಕೂರುತ್ತದೆ. ಒಳಗಿರುವ ಸ್ವಿಚ್ಚು ಆ ಸೆಳೆತವನ್ನು ತಿಳಿದು, ಮುಚ್ಚಳ ಬಿತ್ತು, ಇನ್ನು ಮಲಗೋಣ ಅನ್ನುತ್ತದೆ. ಮಾವ ಕೈಯಿಡುವುದು ಸರಿಯಾಗಿ ಅಲ್ಲೇ. ಕೈ ತೆಗೆದರೆ ತಾನಾಗಿ ಏಳುವ ಕಂಪ್ಯೂಟರುಗಳೂ ಇವೆ, ನಮ್ಮದು ಹಳೆಯದು, ಬಟನ್ ಒತ್ತಲೇಬೇಕು.

ನಾನು ಮನೆ ಬಿಟ್ಟು ಬಂದ ಮೇಲೆ ಮಾವ ನನ್ನ ಕಂಪ್ಯೂಟರನ್ನು ದಿನವೂ ಮೈಮುಟ್ಟಿ ವಿಚಾರಿಸಿಕೊಳ್ಳುತ್ತಿದ್ದರು ಅನ್ನುವುದನ್ನು ಎರಡು ಸಲ ಓದಿದೆ. ಅಮ್ಮ ನೋಡಿ, ಬಾಣಂತಿ ಅಳಬಾರದು ಅಂತ ಅದಕ್ಕೂ ಬೈದಳು.

ಕಡಗ ಕಳಚಿಸಬೇಡಿ. ಅವರ ಕೀಲುನೋವು ಅದರಿಂದ ಕಡಿಮೆಯಾಗಿದೆಯೋ ಇಲ್ಲವೋ, ಸಮಾಧಾನವಂತೂ ಸಿಕ್ಕಿದೆ. ಮುಚ್ಚಳ ಬಿದ್ದರೂ ಮಲಗಬೇಡ ಎಂದು ಕಂಪ್ಯೂಟರಿಗೇ ಹೇಳೋಣ. 'ಲಾಗಿನ್‌ಡಿ' ಅನ್ನುವ ಹೆಸರಿನ ಫೈಲನ್ನು ಹೇಗೆ ತೆರೆಯುವುದೆಂದು ಹಿಂಬದಿಯಲ್ಲಿದೆ. ಅದರಲ್ಲಿ 'ಹ್ಯಾಂಡಲ್‌ಲಿಡ್‌ಸ್ವಿಚ್' ಅಂತ ಶುರುವಾಗುವ ಸಾಲು ಹುಡುಕಿ. ಅದರ ಮುಂದೆ ಅಡ್ಡ ಎರಡು ಗೆರೆ, ಉದ್ದ ಎರಡು ಗೆರೆಯ ಗುರುತಿರುತ್ತದೆ, ಅದನ್ನು ಅಳಿಸಿ. ಸಾಲಿನ ಕೊನೆಯಲ್ಲಿ 'ಸಸ್ಪೆಂಡ್' ತೆಗೆದು 'ಇಗ್ನೋರ್' ಅಂತ ಒತ್ತಿ. ಉಳಿಸಿ, ಒಮ್ಮೆ ಆರಿಸಿ ಹತ್ತಿಸಿ, ಪಾಸ್‌ವರ್ಡ್ ಹಾಕಿ. ಅದು ನಿಮಗೆ ಬಾಯಿಪಾಠ.

ಮಾವನ ಕೈಯಿಂದಲೇ ಪರೀಕ್ಷೆ ಮಾಡಿಸಿ.

ಪ್ರತಿಮಾ

---

ಕೋಡಿಹಳ್ಳಿ
25 ಜನವರಿ 2025

ಪ್ರತಿಮಾಳಿಗೆ,

ಹಬ್ಬದ ಎಳ್ಳು ಬೆಲ್ಲ ಕಟ್ಟಿ ಕಳಿಸಿದ್ದು ಸೇರಿರಬೇಕು. ಹೋದ ವಾರ ಬರೆಯಲು ಕೂತರೆ ಮರಿಗಳು ಜ್ವರದಿಂದ ಏಳುವ ಹೊತ್ತು, ಸೊಪ್ಪು ಕತ್ತರಿಸಿ ಕೈ ಎತ್ತಲಾಗುತ್ತಿರಲಿಲ್ಲ.

ನೀನು ಹೇಳಿದ್ದನ್ನು ನಿಮ್ಮ ಮಾವನಿಗೆ ಓದಿ ಹೇಳಿದೆ. ನಂಬಲಿಲ್ಲ. ಎದ್ದು ಹೋಗಿ ಕಡಗದ ಕೈ ಇಟ್ಟರು, ಮಲಗಿತು. ಎಬ್ಬಿಸಿದೆ. ಕಡಗ ಕಳಚಿ ಬರಿ ಕೈ ಇಟ್ಟರು, ಎಚ್ಚರವಾಗಿಯೇ ಇತ್ತು. ಕಡಗವನ್ನು ಮಾತ್ರ ಇಟ್ಟರು, ಮಲಗಿತು. ಹಾಗಾದರೆ ಇಷ್ಟು ದಿನ ಹುಳುವಿಗೆ ಚಳಿ ಹಿಡಿಸಿದವನು ನಾನೇನಾ ಎಂದು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಒಂದು ಹುಳುವೂ ಸತ್ತಿಲ್ಲ, ಏಳಿ ಎಂದೆ. ಆಮೇಲೆ ನಗು ಶುರುವಾಯಿತು ನೋಡು, ಯಲ್ಲಮ್ಮ ಬಂದಳು, ಚಿಕ್ಕರಾಜು ಬಂದ, ಎಲ್ಲರೂ ಕಡಗ ಇಟ್ಟು ನೋಡುವವರೇ. ನಾನೇ ಬೈದು ಓಡಿಸಿದೆ.

ಫೈಲು ತೆರೆದೆ. ಇಗ್ನೋರ್ ಒತ್ತುವುದರಲ್ಲಿ ಒಂದಕ್ಷರ ಬಿಟ್ಟಿದ್ದೆ, ಮತ್ತೆ ಸರಿ ಮಾಡಿದೆ. ಈಗ ನಿಮ್ಮ ಮಾವ ಕಡಗ ಹಾಕಿಕೊಂಡೇ ಬಂದು ಕೈಯಿಟ್ಟು ನಿಲ್ಲುತ್ತಾರೆ, ಅದು ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಸಂಕ್ರಾಂತಿ ಬ್ಯಾಚಿನ ಮರಿಗಳು ಎಲ್ಲರ ಮನೆ ಸೇರಿ, ಸೊಪ್ಪು ಸಾಲದಷ್ಟು ತಿನ್ನುತ್ತಿವೆಯಂತೆ.

ಇವತ್ತು ಬೆಳಗ್ಗೆ ನರಸಯ್ಯ ಬಂದಿದ್ದ. ಬಿಳಿ ಪಂಚೆ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಮಾತು ಮುಗಿಸಿಕೊಂಡೇ ಹೋಗುವ ಗತ್ತು. ನಾನು ಒಳಗೆ ಕಾಫಿ ಕಾಯಿಸುತ್ತಿದ್ದೆ, ಕಿವಿ ಮಾತ್ರ ಹೊರಗಿನ ಮಾತಿನ ಕಡೆಗಿತ್ತು. ಯಾವತ್ತಿನಿಂದ ಹುಳುಮನೆ ಬಿಟ್ಟುಕೊಡುತ್ತೀರಿ ಎಂದು ಕೇಳಿದ. ನಿಮ್ಮ ಮಾವ ಅವನನ್ನು ಜಗಲಿ ಮೇಲೆ ಕೂರಿಸಿ, ಕಾಫಿ ಕೊಡಿಸಿದರು. ಹಣ್ಣನ್ನು ಮಾತ್ರ ತೆಗೆದುಕೊಳ್ಳಲಿಲ್ಲ.

"ಹುಳುಮನೆ ಕೊಡಾಕಾಗಕಿಲ್ಲ ಕಣ್ಲಾ ನರಸಯ್ಯ. ಅದ್ನ ನಡ್ಸೋಳು ಬಾಣಂತನಕ್ಕೆ ಹೋಗವ್ಳೆ. ಬತ್ತಾಳೆ" ಅಂದರು.

ನಿನ್ನ ಅತ್ತೆ
ಪುಟ್ಟಗೌರಮ್ಮ